ಕೆಟ್ಟಿದ್ದಕ್ಕಿಂತ ಎಳೆದದ್ದೇ ದುಬಾರಿ

ಭಾವನ ಕಾರು ಚಾರ್ಮಾಡಿ ಘಾಟಿಯಲ್ಲಿ ನಿಂತದ್ದು ಮಳೆಗಾಲದ ಒಂದು ಸಂಜೆ. ಉಜಿರೆ ಕಡೆಯಿಂದ ಹತ್ತುತ್ತಿದ್ದೆವು. ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಫೋನಿಗೆ ಸಿಗ್ನಲ್ ಇಲ್ಲ, ಮಂಜಿಗೆ ಹತ್ತು ಮಾರು ಆಚೆಗೆ ಏನೂ ಕಾಣದು. ಹಿಂದಿನ ಚಕ್ರಗಳಿಗೆ ಎರಡು ಕಲ್ಲು ಕೊಟ್ಟು ನಿಂತೆವು. ಅರ್ಧ ಗಂಟೆಯಾದ ಮೇಲೆ, ಮಂಗಳೂರಿನಲ್ಲಿ ತರಕಾರಿ ಇಳಿಸಿ ಖಾಲಿ ವಾಪಸ್ ಬರುತ್ತಿದ್ದ ಪಿಕಪ್ ಒಂದು ನಿಂತಿತು. "ಹಗ್ಗ ಐತೆ ಸಾರ್, ಕೊಟ್ಟಿಗೆಹಾರದ ತನ್ಕ ಎಳ್ಕೊಂಡು ಹೋಗ್ತೀನಿ. ದುಡ್ಡೇನ್ ಬ್ಯಾಡ" ಎಂದ ಹುಡುಗ. ದೇವರೇ ಬಂದ ಹಾಗಾಯಿತು. ಕಟ್ಟಿದೆವು, ಹೊರಟೆವು, ಕೊಟ್ಟಿಗೆಹಾರ ಮುಟ್ಟಿ ನೀರ್‌ದೋಸೆಯನ್ನೂ ತಿಂದೆವು.

ಮೂರನೇ ದಿನ ಗ್ಯಾರೇಜಿನಿಂದ ಫೋನ್ ಬಂತು. ಕಾರು ನಿಲ್ಲಲು ಕಾರಣ ಪೆಟ್ರೋಲ್ ಪಂಪಿನ ರಿಲೇ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಐನೂರು ರೂಪಾಯಿ ಒಳಗಿನ ಸಾಮಾನು. ಬಿಲ್ಲು ಮಾತ್ರ ಎಂಬತ್ತು ಸಾವಿರ ದಾಟಿತ್ತು. ಅದು ಆಟೋಮ್ಯಾಟಿಕ್ ಕಾರು. ಎಂಜಿನ್ ಬಂದ್ ಆಗಿದ್ದಾಗ ಅಷ್ಟು ದೂರ ಎಳೆಸಿಕೊಂಡು ಗೇರ್‌ಬಾಕ್ಸ್ ಸುಟ್ಟಿತ್ತು. ಪಿಕಪ್ ಹುಡುಗನ ತಪ್ಪೇನಿಲ್ಲ, ಅವನು ಒಳ್ಳೆಯದನ್ನೇ ಮಾಡಿದ. ಹಗ್ಗ ಕಟ್ಟುವ ಮೊದಲು ಕೇಳಿಕೊಳ್ಳಬೇಕಿದ್ದ ಒಂದು ಪ್ರಶ್ನೆಯನ್ನು ನಾವಿಬ್ಬರೂ ಕೇಳಿಕೊಳ್ಳಲಿಲ್ಲ: ಈ ಗಾಡಿಯನ್ನು ಚಕ್ರದ ಮೇಲೆ ಎಳೆಯಬಹುದೇ?

ಗಾಡಿ ಹುಚ್ಚಿನವರು ನಾಲ್ಕು ಜನ ಸೇರಿದರೆ ಚರ್ಚೆ ಬೇರೆಯೇ ಇರುತ್ತದೆ. ಯಾವ ಜೀಪಿಗೆ ಎಳೆಯುವ ತಾಕತ್ತು ಹೆಚ್ಚು, ಸ್ಟೀಲ್ ರೋಪ್ ಮೇಲೋ ನೈಲಾನ್ ಬೆಲ್ಟೋ, ವಿಂಚ್ ಎಷ್ಟು ಟನ್ನಿನದು, ಹೀಗೆ. ಕೇಳಲು ಸೊಗಸು. ನನಗಂತೂ ಅದು ಎರಡನೇ ಮಾತು. ಎಳೆಯುವ ಗಾಡಿ ಯಾವುದಾದರೂ ನಡೆದೀತು. ಎಳೆಸಿಕೊಳ್ಳುವ ಗಾಡಿ ಯಾವುದು ಎಂಬುದರ ಮೇಲೆಯೇ ಉಳಿದದ್ದೆಲ್ಲ ನಿಂತಿರುವುದು.

ಯಾವ ಚಕ್ರ ನೆಲದ ಮೇಲೆ?

ಎಂಜಿನ್ನಿನ ಶಕ್ತಿ ಯಾವ ಚಕ್ರಗಳಿಗೆ ಹೋಗುತ್ತದೋ ಆ ಚಕ್ರಗಳು ಗೇರ್‌ಬಾಕ್ಸಿಗೆ ಜೋಡಿಸಿಕೊಂಡಿರುತ್ತವೆ. ಗಾಡಿ ಎಳೆದಾಗ ಚಕ್ರ ತಿರುಗಿ ಗೇರ್‌ಬಾಕ್ಸಿನ ಒಳಭಾಗವನ್ನೂ ತಿರುಗಿಸುತ್ತದೆ. ಕೈಯಿಂದ ಗೇರ್ ಹಾಕುವ ಗಾಡಿಯಲ್ಲಿ ನ್ಯೂಟ್ರಲ್‌ಗೆ ತಂದರೆ ಇದರಿಂದ ದೊಡ್ಡ ತೊಂದರೆಯಿಲ್ಲ, ಒಳಗಿನ ಹಲ್ಲುಗಳು ಎಣ್ಣೆಯಲ್ಲಿ ಅದ್ದಿಕೊಂಡೇ ತಿರುಗುತ್ತವೆ. ಆಟೋಮ್ಯಾಟಿಕ್‌ನ ಸಂಗತಿ ಬೇರೆ. ಅದರಲ್ಲಿ ಎಣ್ಣೆಯನ್ನು ಎಲ್ಲ ಕಡೆ ಮುಟ್ಟಿಸುವುದು ಒಂದು ಪಂಪು, ಆ ಪಂಪನ್ನು ಓಡಿಸುವುದು ಎಂಜಿನ್. ಎಂಜಿನ್ ನಿಂತರೆ ಪಂಪೂ ನಿಂತಿತು. ಆಗ ಗಾಡಿ ಎಳೆಯುವುದೆಂದರೆ ಎಣ್ಣೆ ಹಾಕದ ಗಾಣ ತಿರುಗಿಸಿದ ಹಾಗೆ. ಸಿವಿಟಿ ಎನ್ನುವ ಬೆಲ್ಟಿನ ಗೇರ್‌ಬಾಕ್ಸಿಗೂ ಇದೇ ಮಾತು. ಎಷ್ಟು ದೂರ, ಎಷ್ಟು ವೇಗದವರೆಗೆ ನಡೆದೀತು ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಕಾರಿನ ಕೈಪಿಡಿಯಲ್ಲಿ ಒಂದು ಪುಟ ಅದಕ್ಕೆಂದೇ ಇರುತ್ತದೆ. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಪ್ಲಾಸ್ಟಿಕ್ ಹರಿಯದೆ ಕೂತಿರುವ ಆ ಪುಸ್ತಕವನ್ನು ಒಮ್ಮೆ ತೆಗೆದು ಆ ಪುಟದ ಫೋಟೊ ಹೊಡೆದುಕೊಳ್ಳಿ.

ನಡುವೆ ಎಎಂಟಿ ಎಂಬ ಇನ್ನೊಂದು ಜಾತಿ. 2014ರಲ್ಲಿ ಸೆಲೆರಿಯೊ ಮೂಲಕ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಬಂದದ್ದು. ಕ್ಲಚ್ ಪೆಡಲ್ ಇಲ್ಲ ಎಂದು ಜನ ಇದನ್ನೂ ಆಟೋಮ್ಯಾಟಿಕ್ ಎನ್ನುತ್ತಾರೆ. ಒಳಗಿರುವುದು ಮಾತ್ರ ಹಳೆಯ ಕೈಗೇರಿನ ಪೆಟ್ಟಿಗೆಯೇ, ಗೇರ್ ಹಾಕುವ ಕೆಲಸವನ್ನು ಯಂತ್ರಕ್ಕೆ ವಹಿಸಿದ್ದಾರೆ ಅಷ್ಟೆ. ಹಾಗಾಗಿ ಎಣ್ಣೆಯ ಭಯ ಕಡಿಮೆ. ಬ್ಯಾಟರಿ ಸತ್ತಾಗ ಅದು ಗೇರಿನಲ್ಲೇ ಸಿಕ್ಕಿಕೊಂಡು ನ್ಯೂಟ್ರಲ್‌ಗೆ ಬಾರದೆ ಹಟ ಹಿಡಿಯಬಹುದು. ಆಗ ಎಳೆದರೆ ಮುಂದಿನ ಚಕ್ರಗಳು ಸಲೀಸಾಗಿ ತಿರುಗುವುದಿಲ್ಲ, ಟಾರಿನ ಮೇಲೆ ಎರಡು ಕಪ್ಪು ಗೆರೆ ಬರೆಯಲೂಬಹುದು.

ನಮ್ಮಲ್ಲಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು. ಹೀಗಾಗಿ ಮುಂಭಾಗ ಎತ್ತಿ, ಹಿಂದಿನ ಚಕ್ರಗಳನ್ನು ನೆಲದ ಮೇಲೆ ಬಿಟ್ಟು ಒಯ್ಯುವ ಕ್ರೇನ್ ಗಾಡಿ ಇವಕ್ಕೆ ಆಗುತ್ತದೆ. ಆದರೆ ಹ್ಯಾಂಡ್‌ಬ್ರೇಕ್ ಇಳಿಸಿರಬೇಕು. ಕೆಲಸದ ಹುಡುಗರು ಮರೆಯುವುದು ಇದನ್ನೇ. ಓಮ್ನಿ, ಈಕೊ, ಬೊಲೆರೊ, ಇನೋವಾ ಕ್ರಿಸ್ಟಾ ಇವೆಲ್ಲ ಹಿಂದಿನ ಚಕ್ರದಿಂದ ಓಡುವವು. ಇವನ್ನು ಮುಂದಿನಿಂದ ಎತ್ತಿ ದೂರ ಒಯ್ಯುವುದಾದರೆ ಪ್ರೊಪೆಲ್ಲರ್ ಶಾಫ್ಟ್ ಕಳಚಬೇಕು, ಇಲ್ಲವೇ ಹಿಂಭಾಗವನ್ನೇ ಎತ್ತಬೇಕು. ಹೆಸರು ಒಂದೇ ಎಂದು ನಂಬುವ ಹಾಗೂ ಇಲ್ಲ. ಇನೋವಾ ಹೈಕ್ರಾಸ್ ಮುಂದಿನ ಚಕ್ರದ ಗಾಡಿ. ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ ಹೋಗುವ ಗಾಡಿಯ ಎರಡು ಚಕ್ರ ಎತ್ತಿ ಎರಡನ್ನು ಉರುಳಿಸಿದರೆ ನಡುವಿನ ಜೋಡಣೆ ಹಾಳು. ಎಲೆಕ್ಟ್ರಿಕ್ ಕಾರಿನಲ್ಲಿ ಚಕ್ರ ತಿರುಗಿದರೆ ಮೋಟಾರೂ ತಿರುಗಿ ಡೈನಮೋ ಆಗಿಬಿಡುತ್ತದೆ. ಬೇಡದ ಹೊತ್ತಿನಲ್ಲಿ ಹುಟ್ಟಿದ ಕರೆಂಟ್ ಒಳಗಿನ ದುಬಾರಿ ಪೆಟ್ಟಿಗೆಗಳನ್ನು ಹುಡುಕಿಕೊಂಡು ಹೋಗುತ್ತದೆ.

ಆಟೋಮ್ಯಾಟಿಕ್, ಹೈಬ್ರಿಡ್, ಎಲೆಕ್ಟ್ರಿಕ್, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ, ಈ ನಾಲ್ಕಕ್ಕೂ ಫ್ಲಾಟ್‌ಬೆಡ್ ಬಿಟ್ಟು ಬೇರೆ ಯೋಚನೆಯೇ ಬೇಡ. ಇಡೀ ಗಾಡಿಯನ್ನು ಲಾರಿಯ ಬೆನ್ನ ಮೇಲೆ ಹೊತ್ತೊಯ್ಯುವುದದು. ಫೋನಿನಲ್ಲಿ "ಟೋಯಿಂಗ್ ಕಳಿಸಿ" ಎಂದರೆ ಅವರ ಹತ್ತಿರ ಯಾವುದು ಖಾಲಿ ಇದೆಯೋ ಅದು ಬರುತ್ತದೆ. "ಫ್ಲಾಟ್‌ಬೆಡ್ಡೇ ಬೇಕು, ಆಟೋಮ್ಯಾಟಿಕ್ ಗಾಡಿ" ಎಂದು ಎರಡು ಸಲ ಹೇಳಿ.

ಕೊಂಡಿ ಎಲ್ಲಿ?

ಬಂಪರಿನ ಒಂದು ಮೂಲೆಯಲ್ಲಿ ಅಂಗೈಯಷ್ಟು ಸಹ ಇಲ್ಲದ ಚೌಕನೆಯ ಅಥವಾ ದುಂಡನೆಯ ಮುಚ್ಚಳ ಇರುತ್ತದೆ. ಬಣ್ಣ ಒಂದೇ ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಉಗುರಿಗೆ ಬಟ್ಟೆ ಸುತ್ತಿ ಒಂದು ಅಂಚನ್ನು ಒತ್ತಿದರೆ ಇನ್ನೊಂದು ಅಂಚು ಏಳುತ್ತದೆ. ಒಳಗೆ ತಿರುಪಿನ ಮರೆ ಇರುವ ತೂತು. ಆ ತೂತಿಗೆ ತಿರುಗಿಸಿ ಕೂಡಿಸುವ ಉಂಗುರದ ತಲೆಯ ದಪ್ಪ ಬೋಲ್ಟು ಡಿಕ್ಕಿಯಲ್ಲಿ ಜಾಕ್, ಚಕ್ರದ ಪಾನಾ ಜೊತೆಗೇ ಇರಬೇಕು. ಹಳೆಯ ಗಾಡಿ ಕೊಂಡವರು ಇವತ್ತೇ ಹೋಗಿ ನೋಡಿ, ಹತ್ತರಲ್ಲಿ ಮೂರು ಗಾಡಿಗಳಲ್ಲಾದರೂ ಅದು ಇರುವುದಿಲ್ಲ ಎಂಬುದು ನನ್ನ ಊಹೆ. ಕೈಯಿಂದ ತಿರುಗಿಸಿ ಸಾಕೆನ್ನಬೇಡಿ, ಉಂಗುರದೊಳಗೆ ಪಾನಾದ ಹಿಡಿ ತೂರಿಸಿ ಕೊನೆಯವರೆಗೆ ಬಿಗಿಯಿರಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ಮರೆ ಉಲ್ಟಾ. ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಮಳೆಯಲ್ಲಿ ನಿಂತು ಬಲಕ್ಕೆ ತಿರುಗಿಸಿ ತಿರುಗಿಸಿ "ಇದು ಬೇರೆ ಕಾರಿಂದಿರಬೇಕು" ಎಂದು ಬಿಸಾಡಿದವರನ್ನು ನಾನು ಕಂಡಿದ್ದೇನೆ.

ಉಂಗುರ ಸಿಗದಿದ್ದಾಗ ಜನ ಕೆಳಗೆ ಬಗ್ಗಿ ಕೈಗೆ ಸಿಕ್ಕ ಕಬ್ಬಿಣಕ್ಕೆ ಹಗ್ಗ ಸುತ್ತುತ್ತಾರೆ. ಬಂಪರ್, ಸ್ಟೀರಿಂಗಿನ ಸರಳು, ಸಸ್ಪೆನ್ಶನ್ನಿನ ತೋಳು, ಆಕ್ಸಲ್ಲು, ಯಾವುದೂ ಇದಕ್ಕಾಗಿ ಮಾಡಿದ್ದಲ್ಲ. ಎಳೆದಾಗ ಬಗ್ಗಿದ್ದು ಆಗ ಗೊತ್ತಾಗುವುದೂ ಇಲ್ಲ, ಆಮೇಲೆ ಟೈರು ಒಂದೇ ಕಡೆ ಸವೆಯತೊಡಗಿದಾಗ ಗೊತ್ತಾಗುತ್ತದೆ. ಕೆಲವು ಗಾಡಿಗಳ ಅಡಿಯಲ್ಲಿ ತೆಳ್ಳಗಿನ ಕೊಕ್ಕೆಗಳಿರುತ್ತವೆ. ಅವು ಕಾರ್ಖಾನೆಯಿಂದ ಲಾರಿಯಲ್ಲಿ ಬರುವಾಗ ಕಟ್ಟಿಹಾಕಲು, ಎಳೆಯಲು ಅಲ್ಲ.

ಜಗ್ಗುವ ಲೆಕ್ಕ

ಒಂದು ಟನ್ನಿನ ಕಾರನ್ನು ಸಮತಟ್ಟಾದ ಟಾರು ರಸ್ತೆಯಲ್ಲಿ ಉರುಳಿಸಲು ಬೇಕಾದ ಬಲ ಬಹಳ ಕಡಿಮೆ, ಹದಿನೈದು ಕಿಲೋ ತೂಕ ಎತ್ತುವಷ್ಟು. ಅದಕ್ಕೇ ಇಬ್ಬರು ಹುಡುಗರು ತಳ್ಳಿದರೆ ಸಾಕಾಗುತ್ತದೆ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ಘಾಟಿಯಲ್ಲಿ ಅದಕ್ಕೆ ಇನ್ನೂ ನೂರು ಕಿಲೋ ಸೇರಿಸಿ. ಕೆಸರಿನಲ್ಲಿ ಆಕ್ಸಲ್‌ವರೆಗೆ ಹೂತಿದ್ದರೆ ಗಾಡಿಯ ಪೂರ್ತಿ ತೂಕದಷ್ಟು ಬಲವೂ ಸಾಲದೆ ಹೋಗಬಹುದು.

ಆದರೆ ಹಗ್ಗ ಕಡಿಯುವುದು ಭಾರಕ್ಕಲ್ಲ, ಝಟಕಾಗೆ. ಹಗ್ಗ ಸಡಿಲ ಬಿಟ್ಟು, ಟನ್ ತೂಕದ ಗಾಡಿ ಗಂಟೆಗೆ ಹತ್ತು ಕಿ.ಮೀ. ವೇಗದಲ್ಲಿ ಓಡಿ ಹೋಗಿ ಅಲುಗಾಡದ ಕಾರನ್ನು ಜಗ್ಗಿತು ಎನ್ನಿ. ಸ್ಟೀಲ್ ರೋಪು ಹತ್ತು ಸೆಂಟಿಮೀಟರ್ ಮಾತ್ರ ಹಿಗ್ಗಿತೆಂದರೆ ಆ ಕ್ಷಣದಲ್ಲಿ ಬೀಳುವ ಸರಾಸರಿ ಎಳೆತ ಸುಮಾರು ನಾಲ್ಕು ಟನ್. ಅದೇ ಜಾಗದಲ್ಲಿ ಒಂದು ಮೀಟರ್ ಹಿಗ್ಗುವ ನೈಲಾನ್ ಹಗ್ಗ ಇದ್ದರೆ ನಾನೂರು ಕಿಲೋ. ಜೀಪಿನವರ ಸ್ಟೀಲ್–ನೈಲಾನ್ ಜಗಳಕ್ಕೆ ಉತ್ತರ ಇಲ್ಲೇ ಇದೆ. ಗಾಡಿಯ ಓಟದಿಂದ ಜಗ್ಗುವುದಾದರೆ ಹಿಗ್ಗುವುದು ಬೇಕು. ನಿಂತಲ್ಲಿಂದ ವಿಂಚಿನಲ್ಲಿ ಸುತ್ತಿಕೊಳ್ಳುವುದಾದರೆ ಹಿಗ್ಗದ್ದು ಬೇಕು. ರಸ್ತೆಯಲ್ಲಿ ಕಾರಿನ ಹಿಂದೆ ಕಾರು ಎಳೆಯಲು ಅಗಲ ಪಟ್ಟಿಯ ಬೆಲ್ಟೇ ಲೇಸು. ಬಾವಿ ಹಗ್ಗ, ಬಟ್ಟೆ ಒಣಗಿಸುವ ಪ್ಲಾಸ್ಟಿಕ್ ಹಗ್ಗ ಇವೆಲ್ಲ ಕೈ ಕೊಡುವವು.

ಹಿಗ್ಗಿದ ಹಗ್ಗ ಕಡಿದರೆ ಕವಣೆಯ ಹಾಗೆ. ತುದಿಯಲ್ಲಿ ಕಬ್ಬಿಣದ ಕೊಕ್ಕೆ ಇದ್ದರೆ ಕವಣೆಯಲ್ಲಿ ಕಲ್ಲಿಟ್ಟ ಹಾಗೆ. ನೋಡಲು ನಿಂತವರನ್ನು ಹಗ್ಗದ ಉದ್ದದ ಎರಡು ಪಟ್ಟು ದೂರ ಕಳಿಸಿ. ಬಿಗಿದ ಹಗ್ಗವನ್ನು ಯಾರೂ ದಾಟಬಾರದು. ಹಗ್ಗದ ನಡುವೆ ಒದ್ದೆ ಗೋಣಿಚೀಲವೋ ದಪ್ಪ ಕಂಬಳಿಯೋ ಹೊದಿಸಿದರೆ, ಕಡಿದರೂ ಅದರ ಭಾರಕ್ಕೆ ನೆಲಕ್ಕೆ ಬೀಳುತ್ತದೆ.

ಝಟಕಾ ಬೇಡವೆಂದರೆ ನಿಧಾನವೇ ದಾರಿ. ನಿಧಾನ ಎಂದಾಗ ನನಗೆ ನೆನಪಾಗುವುದು ಒಂದು ಸಿನಿಮಾ. ವಿಲಿಯಂ ಫ್ರೀಡ್ಕಿನ್ 1977ರಲ್ಲಿ ಮಾಡಿದ 'ಸಾರ್ಸರರ್'. ಅಲುಗಾಡಿದರೆ ಸಿಡಿಯುವ ಸ್ಫೋಟಕ ತುಂಬಿದ ಎರಡು ಹಳೇ ಲಾರಿಗಳನ್ನು ದಕ್ಷಿಣ ಅಮೆರಿಕದ ಕಾಡಿನ ಮೂಲಕ ಒಯ್ಯುವ ನಾಲ್ವರ ಕಥೆ. ಬಿರುಮಳೆಯಲ್ಲಿ, ಹರಕಲು ಹಗ್ಗದ ಸೇತುವೆಯ ಮೇಲೆ, ನಡೆಯುವವನಿಗಿಂತ ನಿಧಾನವಾಗಿ ಲಾರಿ ಸಾಗುವ ದೃಶ್ಯ ಅದರಲ್ಲಿದೆ. ಅಟ್ಟಿಸಿಕೊಂಡು ಹೋಗುವುದಿಲ್ಲ, ಗುಂಡಿನ ಸದ್ದಿಲ್ಲ, ನೋಡುವವನ ಬೆನ್ನು ಮಾತ್ರ ಬೆವರುತ್ತದೆ. 'ಸ್ಟಾರ್ ವಾರ್ಸ್' ಬಂದ ತಿಂಗಳಿಗೇ ಬಿಡುಗಡೆಯಾಗಿ ಅದರ ಅಬ್ಬರದಲ್ಲಿ ಕೊಚ್ಚಿಹೋಯಿತು. 'ದಿ ಎಕ್ಸಾರ್ಸಿಸ್ಟ್' ಮಾಡಿದವನ ಚಿತ್ರ, ಹೆಸರೂ ಮಾಂತ್ರಿಕ ಎಂದಾದ್ದರಿಂದ ದೆವ್ವದ ಚಿತ್ರವಿರಬೇಕು ಎಂದುಕೊಂಡವರೂ ಇದ್ದರಂತೆ. ಸಾರ್ಸರರ್ ಎಂಬುದು ಅಲ್ಲಿ ಒಂದು ಲಾರಿಯ ಹೆಸರು! ಗಾಡಿ ಎಳೆಯುವವರು ಒಮ್ಮೆ ನೋಡಬೇಕಾದ ಚಿತ್ರ.

ಹಿಂದಿನ ಕಾರಿನಲ್ಲಿ ಕೂತವರು

ಎಳೆಯುವವನಿಗಿಂತ ಎಳೆಸಿಕೊಳ್ಳುವವನ ಕೆಲಸ ಕಷ್ಟ. ಕೀಲಿ ಆನ್ ಇರಬೇಕು, ಇಲ್ಲದಿದ್ದರೆ ಮೊದಲ ತಿರುವಿನಲ್ಲೇ ಸ್ಟೀರಿಂಗ್ ಲಾಕ್ ಆಗುತ್ತದೆ. ಎಂಜಿನ್ ಇಲ್ಲದಿರುವಾಗ ಪವರ್ ಸ್ಟೀರಿಂಗ್ ಕಲ್ಲಿನಂತೆ ಗಟ್ಟಿ. ಬ್ರೇಕು ಎರಡು ಮೂರು ಸಲ ಸರಿಯಾಗಿ ಹಿಡಿದು ಆಮೇಲೆ ಪೆಡಲ್ ಮೇಲೆ ಎದ್ದು ನಿಂತರೂ ಅರ್ಧಂಬರ್ಧ. ಬ್ರೇಕಿಗೆ ನೆರವಾಗುವ ನಿರ್ವಾತ ಎಂಜಿನ್‌ನಿಂದ ಬರುವಂಥದ್ದು, ಉಳಿದಿದ್ದಷ್ಟು ಮುಗಿದ ಮೇಲೆ ನಿಮ್ಮ ಕಾಲಿನ ಬಲ ಮಾತ್ರ. ಹೀಗಾಗಿ ಘಾಟಿ ಇಳಿಯುವಾಗ ಹಗ್ಗದಲ್ಲಿ ಎಳೆಸಿಕೊಳ್ಳುವುದು ಹುಚ್ಚುತನ. ಎಷ್ಟೇ ಹೊತ್ತಾದರೂ ಕಾಯಿರಿ.

ಸಮತಟ್ಟಿನಲ್ಲಿ ಹಗ್ಗ ಸದಾ ಬಿಗಿಯಾಗಿರುವಂತೆ ನೋಡಿಕೊಳ್ಳುವುದು ಹಿಂದಿನವನ ಹೊಣೆ. ಮುಂದಿನ ಗಾಡಿ ನಿಧಾನವಾಗುತ್ತಿದೆ ಎನಿಸಿದ ಕೂಡಲೇ ಹಿಂದಿನವನೇ ಮೊದಲು ಮೆಲ್ಲಗೆ ಬ್ರೇಕ್ ಒತ್ತಬೇಕು. ಒಂದು ಹಾರನ್ ಎಂದರೆ ಹೊರಡು, ಎರಡು ಎಂದರೆ ನಿಲ್ಲಿಸು ಎಂದು ಮೊದಲೇ ಮಾತಾಡಿಕೊಳ್ಳಿ. ಬ್ಯಾಟರಿ ಸತ್ತಿದ್ದರೆ ಹಾರನ್ನೂ ಇಲ್ಲ, ಆಗ ಕಿಟಕಿಯಿಂದ ಕೆಂಪು ಬಟ್ಟೆ.

ಇದಕ್ಕೆಲ್ಲ ಕಾನೂನೂ ಇದೆ. 1989ರ ರಸ್ತೆ ನಿಯಮಗಳಲ್ಲೇ ಬರೆದಿಟ್ಟಿದ್ದರು: ಕೆಟ್ಟ ಗಾಡಿಯನ್ನು ಹತ್ತಿರದ ಗ್ಯಾರೇಜು ಅಥವಾ ಪೆಟ್ರೋಲ್ ಬಂಕಿನವರೆಗೆ ಮಾತ್ರ ಎಳೆಯಬಹುದು; ಎರಡು ಗಾಡಿಗಳ ನಡುವೆ ಐದು ಮೀಟರಿಗಿಂತ ಹೆಚ್ಚು ಅಂತರ ಕೂಡದು; ವೇಗ ಗಂಟೆಗೆ 24 ಕಿ.ಮೀ. ಮೀರಬಾರದು, ಹಿಂದಿನ ಗಾಡಿಯ ಸ್ಟೀರಿಂಗ್ ಹಿಡಿದವನಿಗೂ ಲೈಸೆನ್ಸ್ ಬೇಕು, ಹಿಂದೆ ಬಿಳಿಯ ಮೇಲೆ ಕಪ್ಪಕ್ಷರದಲ್ಲಿ 'ಆನ್ ಟೋ' ಎಂಬ ಬೋರ್ಡು ಇರಬೇಕು. 2017ರಲ್ಲಿ ಆ ನಿಯಮಗಳ ಜಾಗಕ್ಕೆ ಹೊಸವು ಬಂದವು, ತಿರುಳು ಹೆಚ್ಚು ಬದಲಾಗಲಿಲ್ಲ. ಬೋರ್ಡು ಹಾಕಿಕೊಂಡು ಹೋದ ಗಾಡಿಯನ್ನು ನಾನಿನ್ನೂ ನೋಡಿಲ್ಲ. ಐದು ಮೀಟರಿನ ಹಗ್ಗಕ್ಕೆ ಒಂದು ಕೆಂಪು ಬಟ್ಟೆ ಕಟ್ಟಿದರೂ ನಡುವೆ ನುಗ್ಗುವ ಬೈಕಿನವನ ಕುತ್ತಿಗೆ ಉಳಿಯುತ್ತದೆ.

ಬೈಕಿನ ಮಾತು ಬಂತು. ಬೆಂಗಳೂರಿನಲ್ಲಿ ಪೆಟ್ರೋಲ್ ಮುಗಿದ ಸ್ಕೂಟರನ್ನು ಹಿಂದಿನಿಂದ ಬಂದ ಬೈಕಿನವ ಕಾಲು ಕೊಟ್ಟು ತಳ್ಳಿಕೊಂಡು ಹೋಗುವ ದೃಶ್ಯ ದಿನಕ್ಕೊಂದಾದರೂ ಕಾಣುತ್ತದೆ. ಸಹಾಯದ ಮನಸ್ಸು ನಿಜ. ಆದರೆ ತಳ್ಳುವವನ ಕಾಲು ಬ್ರೇಕಿನ ಮೇಲಿಲ್ಲ, ಇಬ್ಬರ ಹ್ಯಾಂಡಲ್ ನಡುವೆ ಒಂದು ಗೇಣು ಜಾಗವಿಲ್ಲ. ಬಾಟಲಿಯಲ್ಲಿ ಪೆಟ್ರೋಲ್ ತಂದುಕೊಡುವ ಗೆಳೆಯನೇ ವಾಸಿ.

ಟ್ರಾಕ್ಟರ್ ಬಂದರೆ

ಹಳ್ಳಿ ಕಡೆ ಕೆಸರಿಗೆ ಸಿಕ್ಕವರಿಗೆ ಟ್ರಾಕ್ಟರೇ ಗತಿ. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿ ಎರಡು ಹನಿ ಬಿದ್ದರೆ ಟೈರು ಮುದ್ದೆಯಾಗಿಬಿಡುತ್ತದೆ, ಅಲ್ಲಿ ಗಾಡಿಯವನ ಜಾಣತನಕ್ಕೆ ಬೆಲೆಯಿಲ್ಲ. ಟ್ರಾಕ್ಟರಿನವನಿಗೆ ಬಲ ಬೇಕಾದಷ್ಟಿದೆ. ನೀವು ನೋಡಬೇಕಾದ್ದು ಅವನು ಸರಪಳಿಯನ್ನು ಎಲ್ಲಿಗೆ ಕಟ್ಟುತ್ತಾನೆ ಎಂಬುದು. ಹಿಂದಿನ ಆಕ್ಸಲ್ಲಿಗಿಂತ ಕೆಳಗಿರುವ ಡ್ರಾಬಾರಿಗೇ ಕಟ್ಟಬೇಕು. ಸೀಟಿನ ಹಿಂದಿನ ಮೇಲಿನ ಲಿಂಕಿಗೆ ಕಟ್ಟಿ ಜಗ್ಗಿದರೆ ಎದುರಿನ ಚಕ್ರಗಳು ಏಳುತ್ತವೆ, ಕಣ್ಣು ಮಿಟುಕಿಸುವುದರೊಳಗೆ ಟ್ರಾಕ್ಟರು ಹಿಂದಕ್ಕೆ ಮಗುಚುತ್ತದೆ. "ಅಣ್ಣಾ, ಕೆಳಗಿನದಕ್ಕೆ ಕಟ್ಟು" ಎನ್ನಲು ಸಂಕೋಚ ಬೇಡ. ಎಳೆಸುವ ಮುನ್ನ ಚಕ್ರದ ಸುತ್ತ ಕೆಸರು ತೆಗೆದು, ಟೈರಿನ ಗಾಳಿ ಅರ್ಧ ಇಳಿಸಿ, ಕೆಳಗೆ ಸೊಪ್ಪೋ ಗೋಣಿಯೋ ಹಾಕಿ ಒಮ್ಮೆ ಪ್ರಯತ್ನಿಸಿ. ಎಷ್ಟೋ ಸಲ ಟ್ರಾಕ್ಟರಿಗೆ ಕೆಲಸವೇ ಇರುವುದಿಲ್ಲ.

ನೀರಿನಲ್ಲಿ ಮುಳುಗಿ ನಿಂತ ಕಾರಿಗೆ ಇರುವುದು ಒಂದೇ ನಿಯಮ: ಕೀಲಿ ತಿರುಗಿಸಬೇಡಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿ ಟೆಕ್ಕಿಗಳು ಟ್ರಾಕ್ಟರಿನಲ್ಲಿ ಆಫೀಸಿಗೆ ಹೋದದ್ದು ನೆನಪಿರಬಹುದು. ಸಿಲಿಂಡರಿನೊಳಗೆ ನೀರು ಹೋಗಿದ್ದರೆ, ಗಾಳಿಯ ಹಾಗೆ ನೀರು ಕುಗ್ಗದು, ಸ್ಟಾರ್ಟ್ ಮಾಡಲು ಹೋದಾಗ ಕನೆಕ್ಟಿಂಗ್ ರಾಡೇ ಬಗ್ಗುತ್ತದೆ. ಬಹಳಷ್ಟು ವಿಮೆಯವರು ಎಂಜಿನ್ ರಕ್ಷಣೆಯ ಪ್ರತ್ಯೇಕ ಹೆಚ್ಚುವರಿ ಇಲ್ಲದಿದ್ದರೆ ಈ ನಷ್ಟಕ್ಕೆ ಕೈಯೆತ್ತುತ್ತಾರೆ. ಬ್ಯಾಟರಿ ತಂತಿ ಕಳಚಿ ಫ್ಲಾಟ್‌ಬೆಡ್ಡಿಗೆ ಹೇಳಿ.

ಯಾರಿಗೆ ಫೋನ್, ಎಷ್ಟು ದುಡ್ಡು

ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತರೆ 1033. ದಿನದ ಯಾವ ಹೊತ್ತಿನಲ್ಲೂ ಎತ್ತುತ್ತಾರೆ. ಟೋಲ್ ಕಡೆಯ ಕ್ರೇನು ಬಂದು ಗಾಡಿಯನ್ನು ರಸ್ತೆಯಿಂದ ಸರಿಸಿ ಸುರಕ್ಷಿತ ಜಾಗಕ್ಕೆ ಬಿಡುತ್ತದೆ, ನಿಮ್ಮೂರಿನ ಗ್ಯಾರೇಜಿನವರೆಗೆ ಬರುತ್ತದೆಂದು ಕಾಯಬೇಡಿ. ಅಲ್ಲಿಂದಾಚೆಗೆ ವಿಮೆಯ ಜೊತೆ ಕೊಂಡ ರಸ್ತೆಬದಿ ನೆರವು ಇದ್ದರೆ ಅದು, ಇಲ್ಲದಿದ್ದರೆ ಕೈಯಿಂದ. ಖಾಸಗಿ ಕಾರಿನ ಮಾದರಿ ಪಾಲಿಸಿಯಲ್ಲಿ, ಅಪಘಾತವಾಗಿದ್ದರೆ ಮಾತ್ರ, ಹತ್ತಿರದ ಗ್ಯಾರೇಜಿಗೆ ಸಾಗಿಸಲು 1,500 ರೂಪಾಯಿವರೆಗೆ ಸಿಗುತ್ತದೆ. ಬರೀ ಥರ್ಡ್ ಪಾರ್ಟಿ ವಿಮೆಗೆ ಅದೂ ಇಲ್ಲ.

ಖಾಸಗಿ ಟೋಯಿಂಗಿನವರ ಜೊತೆ ಗಾಡಿ ಹತ್ತಿಸುವ ಮೊದಲೇ ಮಾತು ಮುಗಿಸಿ. ಬರುವುದಕ್ಕೆಷ್ಟು, ಕಿ.ಮೀ.ಗೆಷ್ಟು, ವಾಪಸ್ ಹೋಗುವ ಕಿ.ಮೀ.ಯೂ ನಿಮ್ಮ ತಲೆಗೋ, ರಾತ್ರಿಗೆ ಹೆಚ್ಚೋ, ಟೋಲ್ ಯಾರದು. ಹತ್ತಿದ ಮೇಲೆ ಕೇಳಿದರೆ ಗಾಡಿಯೂ ಅವರ ಮೇಲೆ, ಮಾತೂ ಅವರದ್ದೇ ಮೇಲೆ. ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಮೀಟರಿನದ್ದೂ ಒಂದು ತೆಗೆದುಕೊಳ್ಳಿ. ಬೆಲ್ಟನ್ನು ಚಕ್ರಗಳಿಗೆ ಹಾಕಿ ಬಿಗಿಯಲು ಹೇಳಿ. ಹಳಬರು ಹಾಗೇ ಮಾಡುತ್ತಾರೆ, ಅವಸರದವರು ಅಡಿಯ ತೋಳಿಗೆ ಕೊಕ್ಕೆ ಸಿಕ್ಕಿಸುತ್ತಾರೆ.

ಈ ಕಸುಬಿಗೆ ನೂರು ವರ್ಷದ ಮೇಲಾಯಿತು. 1916ರಲ್ಲಿ ಅಮೆರಿಕದ ಚಟನೂಗದಲ್ಲಿ ಹಳ್ಳಕ್ಕೆ ಬಿದ್ದ ಗೆಳೆಯನ ಕಾರನ್ನು ಹಗ್ಗ, ಮರದ ದಿಮ್ಮಿ, ಹಲವು ಆಳುಗಳಿಂದ ಎತ್ತಿಸಿ ಸುಸ್ತಾದ ಗ್ಯಾರೇಜಿನ ಅರ್ನೆಸ್ಟ್ ಹೋಮ್ಸ್, ಇದಕ್ಕೊಂದು ಯಂತ್ರ ಬೇಕೆಂದು ಹಳೆಯ ಕಾರಿನ ಮೇಲೆ ರಾಟೆ, ಸರಪಳಿ ಕೂಡಿಸಿದ. ಆ ಊರಿನಲ್ಲಿ ಈಗ ಟೋಯಿಂಗ್ ಗಾಡಿಗಳದ್ದೇ ಒಂದು ಮ್ಯೂಸಿಯಂ ಇದೆ. ನಮ್ಮಲ್ಲಿ ಇದೇ ಗಾಡಿಗೆ ಬೆಂಗಳೂರಿಗರು 'ಟೈಗರ್' ಎಂದು ಹೆಸರಿಟ್ಟು ಹೆದರುತ್ತಿದ್ದರು. ನೋ ಪಾರ್ಕಿಂಗಿನಲ್ಲಿ ನಿಂತ ಸ್ಕೂಟರುಗಳನ್ನು ಎತ್ತುತ್ತಿದ್ದ ಪೊಲೀಸರ ಗಾಡಿ ಅದು, 2022ರ ಫೆಬ್ರವರಿಯಲ್ಲಿ ಜನರ ಸಿಟ್ಟಿಗೆ ನಿಂತಿತು.

ಇನ್ನು ಕಾಯುವ ಹೊತ್ತು. ಎಚ್ಚರಿಕೆಯ ತ್ರಿಕೋನವನ್ನು ಗಾಡಿಯ ಹಿಂದೆ ಐವತ್ತು ಹೆಜ್ಜೆಯಾದರೂ ದೂರ ಇಡಿ, ಘಾಟಿಯಲ್ಲಿ ತಿರುವಿನ ಆಚೆಗೇ ಇಡಬೇಕು. ಅದಿಲ್ಲದಿದ್ದರೆ ಲಾರಿಯವರ ಉಪಾಯವೇ ಸರಿ, ಸೊಪ್ಪಿನ ಕೊಂಬೆ ಮುರಿದು ರಸ್ತೆಯ ಮೇಲೆ. ಹೆದ್ದಾರಿಯಲ್ಲಿ ಕಾರಿನೊಳಗೆ ಕೂರಬೇಡಿ, ತಡೆಗೋಡೆಯ ಆಚೆ ನಿಲ್ಲಿ. ಚಕ್ರಕ್ಕೆ ಕಲ್ಲು ಕೊಡಿ, ಹೊರಡುವಾಗ ಎತ್ತಿ ಚರಂಡಿಯಾಚೆ ಹಾಕಿ.

ನಾವು ಅವತ್ತು ಹಾಕಿರಲಿಲ್ಲ. ಗೇರ್‌ಬಾಕ್ಸ್ ಬಿಚ್ಚಿಸಿಕೊಂಡು ಕಾರು ವಾಪಸ್ ತರುವಾಗ ಅದೇ ತಿರುವಿನಲ್ಲಿ ಭಾವ ನಿಧಾನ ಮಾಡಿದರು. ಎರಡು ಕಲ್ಲುಗಳಲ್ಲಿ ಒಂದು ಅಲ್ಲೇ ಇತ್ತು, ಬಿಳಿ ಗೆರೆಯಿಂದ ಒಂದು ಮೊಳ ಒಳಗೆ, ಮೇಲೆ ಟೈರು ಹತ್ತಿ ಇಳಿದ ಕಪ್ಪು ಗುರುತು. ಇಳಿದು ಹೋಗಿ ಎತ್ತಿ ಪ್ರಪಾತದ ಕಡೆ ಉರುಳಿಸಿದೆ. ಇನ್ನೊಂದನ್ನು ಸ್ವಲ್ಪ ಹೊತ್ತು ಹುಡುಕಿದೆವು, ಸಿಗಲಿಲ್ಲ.